ಜೋಳದ ಮೂಟೆಗಿಂತ ಮೊದಲು ತಲುಪಬೇಕಾದ ಮಾತು: ದಕ್ಷಿಣ ಸೂಡಾನಿನಲ್ಲಿ ನೆರವಿನ ಸಂವಹನ ಕೆಲಸ ಮಾಡುವ ಬಗೆ

ದಕ್ಷಿಣ ಸೂಡಾನಿನ ಯೂನಿಟಿ ಅಥವಾ ಜೊಂಗ್ಲೇ ರಾಜ್ಯದ ಒಂದು ಹಳ್ಳಿ, ಮಳೆಗಾಲ, ವಿಶ್ವ ಆಹಾರ ಕಾರ್ಯಕ್ರಮದ ಇಲ್ಯೂಶಿನ್-76 ವಿಮಾನ ಬರುವ ಹೊತ್ತು. ಅದು ಇಳಿಯುವುದಿಲ್ಲ, ಇಳಿಯಲು ಅಲ್ಲಿ ಗಟ್ಟಿ ನೆಲವಿಲ್ಲ. ಸುಮಾರು 200ರಿಂದ 300 ಮೀಟರ್ ಎತ್ತರದಲ್ಲಿ ಹಾರುತ್ತ ಹಿಂಬಾಗಿಲು ತೆರೆಯುತ್ತದೆ. ಒಂದರೊಳಗೊಂದು ಚೀಲ ತೊಡಿಸಿ ಹೊಲಿದ ಜೋಳದ ಮೂಟೆಗಳು ಪ್ಯಾರಾಚೂಟ್ ಇಲ್ಲದೆ ಬಯಲಿಗೆ ಬೀಳುತ್ತವೆ. ಆ ಗಳಿಗೆಯಲ್ಲಿ ದನ ಅಟ್ಟಿಕೊಂಡು ಒಬ್ಬ ಹುಡುಗ ಬಯಲಿನೊಳಕ್ಕೆ ಬಂದರೆ ಅವನು ಉಳಿಯುವುದು ಕಷ್ಟ. ಆದ್ದರಿಂದ ವಿಮಾನ ಹೊರಡುವುದಕ್ಕೆ ಮುಂಚೆಯೇ ಸುತ್ತಲಿನ ಪ್ರತಿ ಗುಡಿಸಲಿಗೂ ಕೆಲವು ಮಾತುಗಳು ತಲುಪಿರಬೇಕು: ಯಾವ ಬಯಲು, ದನಕರು ಮಕ್ಕಳು ಎಲ್ಲಿರಬೇಕು, ಮೂಟೆಗಳನ್ನು ಯಾರು ಹೊತ್ತು ಪೇರಿಸುತ್ತಾರೆ, ಹಂಚಿಕೆ ಹೇಗೆ ನಡೆಯುತ್ತದೆ. ಸಂಘರ್ಷದ ನೆಲದಲ್ಲಿ ಸಂವಹನ ಕೆಲಸ ಎಂದರೆ ಮೊದಲಿಗೆ ಇದು. ಫೋಟೋ, ಪತ್ರಿಕಾ ಹೇಳಿಕೆ, ದಾನಿಗಳಿಗೆ ಕಳಿಸುವ ವರದಿ ಇವೆಲ್ಲ ಇದರ ಬೆನ್ನಿಗೆ ಬರುವಂಥವು.

ನಮ್ಮ ಕಡೆಯಿಂದ ಈ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಪತ್ರಿಕೆ, ಟಿವಿ ಅಥವಾ ಜಾಹೀರಾತಿನ ಹಿನ್ನೆಲೆಯವರು. ಸುದ್ದಿಯನ್ನು ಹೊರಗಿನವರಿಗೆ ಹೇಳುವುದು ಅವರಿಗೆ ಅಭ್ಯಾಸವಾಗಿರುತ್ತದೆ. ಸುದ್ದಿಯೊಳಗೆ ಬದುಕುತ್ತಿರುವವರಿಗೇ ಹೇಳುವುದು ಅಭ್ಯಾಸವಿರುವುದಿಲ್ಲ. ನಾನೂ ಹಾಗೆಯೇ ಹೋದವನಾದ್ದರಿಂದ, ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ ಬಲ್ಲವರು ಈ ಪ್ಯಾರಾ ಬಿಟ್ಟು ಓದಬಹುದು. 2011ರ ಜುಲೈ 9ರಂದು ಸ್ವತಂತ್ರವಾದ ದೇಶದಲ್ಲಿ 2013ರ ಡಿಸೆಂಬರ್ 15ರ ರಾತ್ರಿ ರಾಜಧಾನಿ ಜುಬಾದಲ್ಲಿಯೇ ಗುಂಡಿನ ಕಾಳಗ ಶುರುವಾಯಿತು. ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಹಿಂದಿನ ಉಪಾಧ್ಯಕ್ಷ ರಿಯೆಕ್ ಮಚಾರ್ ನಡುವಿನ ರಾಜಕೀಯ ಜಗಳ ಡಿಂಕಾ ಮತ್ತು ನುವೆರ್ ಜನರ ನಡುವಿನ ಹತ್ಯೆಗಳಾಗಿ ಹರಡಿತು. ಜೀವ ಉಳಿಸಿಕೊಳ್ಳಲು ಜನ ಜುಬಾ, ಬೋರ್, ಮಲಕಾಲ್, ಬೆಂಟಿಯುಗಳಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಆವರಣಗಳಿಗೆ ನುಗ್ಗಿದರು. ಬೆಂಟಿಯು ಆವರಣವೊಂದರಲ್ಲೇ ಒಂದು ಹಂತದಲ್ಲಿ 1 ಲಕ್ಷಕ್ಕೂ ಹೆಚ್ಚು ಜನರಿದ್ದರು. ಈ ಪಡೆಯಲ್ಲಿ ಭಾರತದ ಸೈನಿಕರೂ ಇದ್ದಾರೆ; ಜೊಂಗ್ಲೇ ರಾಜ್ಯದಲ್ಲಿ 2013ರ ಏಪ್ರಿಲ್ ಮತ್ತು ಡಿಸೆಂಬರ್‌ಗಳಲ್ಲಿ ನಡೆದ ದಾಳಿಗಳಲ್ಲಿ ನಮ್ಮವರು ಪ್ರಾಣ ಕಳೆದುಕೊಂಡಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದರೂ ಕಾಳಗ ಪೂರ್ತಿ ನಿಂತಿಲ್ಲ.

ಮಾತು ಹೇಗೆ ಸಂಚರಿಸುತ್ತದೆ ಎಂದು ಮೊದಲು ತಿಳಿಯಿರಿ

ಹೋದ ಮೊದಲ ವಾರ ಏನನ್ನೂ ಪ್ರಕಟಿಸಬೇಡಿ. ಶಿಬಿರದ ನೀರಿನ ನಲ್ಲಿಯ ಬಳಿ, ಚರ್ಚಿನ ಹೊರಗೆ, ಚಹಾ ಮಾರುವ ಹೆಂಗಸರ ಪಕ್ಕ, ಮೊಬೈಲ್ ಚಾರ್ಜ್ ಮಾಡಿಕೊಡುವ ಅಂಗಡಿಯ ಮುಂದೆ ಕುಳಿತು ಎರಡೇ ಪ್ರಶ್ನೆ ಕೇಳಿ: ಊಟ ಹಂಚುತ್ತಾರೆಂಬ ಸುದ್ದಿ ನಿಮಗೆ ಹೋದ ಸಲ ಯಾರಿಂದ ಗೊತ್ತಾಯಿತು, ಅದನ್ನು ನೀವು ಯಾಕೆ ನಂಬಿದಿರಿ? ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಮುಖ್ಯ. ಗಂಡಸರು ರೇಡಿಯೋ ಎನ್ನಬಹುದು. ಹೆಂಗಸರು ಪಕ್ಕದ ಸಾಲಿನ ಹಿರಿಯಳೊಬ್ಬಳ ಹೆಸರು ಹೇಳಬಹುದು, ಏಕೆಂದರೆ ಮನೆಯ ರೇಡಿಯೋ ಗಂಡಸಿನ ಜೊತೆ ಹೊರಗೆ ಹೋಗಿರುತ್ತದೆ. ಹೀಗೆ ಕೇಳಿದ್ದನ್ನು ಗಂಡಸು, ಹೆಂಗಸು, ಮುದುಕರು, ಕಿವಿ ಕೇಳದವರು, ಈಗಷ್ಟೇ ಬಂದವರು ಎಂದು ಬೇರೆ ಬೇರೆ ಬರೆದಿಟ್ಟುಕೊಂಡರೆ, ಯಾವ ಮಾತು ಯಾವ ದಾರಿಯಲ್ಲಿ ಹೋಗಬೇಕೆಂಬ ನಕ್ಷೆ ತಾನಾಗಿ ಮೂಡುತ್ತದೆ.

ಒಂದೇ ದಾರಿಯನ್ನು ನೆಚ್ಚಬಾರದು. ದೇಶದ ಬಹುಪಾಲು ವಯಸ್ಕರಿಗೆ ಓದುಬರಹ ಬಾರದು, ಆದ್ದರಿಂದ ಕರಪತ್ರಕ್ಕೆ ಅಲ್ಲಿ ಬೆಲೆ ಕಡಿಮೆ. ಮೊಬೈಲ್ ಗೋಪುರಗಳು ಕಾಳಗದಲ್ಲಿ ಹಾಳಾಗುತ್ತವೆ, ಡೀಸೆಲ್ ಮುಗಿದರೆ ಸುಮ್ಮನಾಗುತ್ತವೆ. ಇಂಟರ್ನೆಟ್ಟನ್ನಂತೂ ಸರ್ಕಾರವೇ ನಿಲ್ಲಿಸಬಹುದು: 2025ರ ಜನವರಿಯಲ್ಲಿ ಸೂಡಾನಿನ ವಾದ್ ಮದನಿಯಲ್ಲಿ ದಕ್ಷಿಣ ಸೂಡಾನಿಗಳನ್ನು ಕೊಂದ ವಿಡಿಯೋಗಳು ಹರಿದಾಡಿ, ಜುಬಾದಲ್ಲಿದ್ದ ಸೂಡಾನಿ ವ್ಯಾಪಾರಿಗಳ ಮೇಲೆ ಸೇಡಿನ ದಾಳಿಗಳು ನಡೆದಾಗ, ಫೇಸ್‌ಬುಕ್ ಮತ್ತು ಟಿಕ್‌ಟಾಕ್‌ಗಳನ್ನು ಕೆಲ ದಿನ ತಡೆಹಿಡಿಯಲಾಯಿತು. ಆ ದಿನಗಳಲ್ಲಿ ಫೇಸ್‌ಬುಕ್ ಪುಟವನ್ನೇ ನಂಬಿಕೊಂಡಿದ್ದ ಕಚೇರಿಗಳು ಮೂಕವಾದವು.

ಉಳಿಯುವುದು ರೇಡಿಯೋ ಮತ್ತು ಮನುಷ್ಯರ ಬಾಯಿ. ವಿಶ್ವಸಂಸ್ಥೆ ನಡೆಸುವ ರೇಡಿಯೋ ಮಿರಾಯಾ 2006ರಿಂದ ಪ್ರಸಾರವಾಗುತ್ತಿದೆ. ಮಿರಾಯಾ ಎಂದರೆ ಅರಬ್ಬಿಯಲ್ಲಿ ಕನ್ನಡಿ. ಸ್ಥಳೀಯ ಸಮುದಾಯ ರೇಡಿಯೋಗಳೂ ಇವೆ. ಆದರೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇಂಟರ್‌ನ್ಯೂಸ್ ಸಂಸ್ಥೆ 2014ರಲ್ಲಿ ಶಿಬಿರಗಳೊಳಗೆ ಆರಂಭಿಸಿದ ‘ಬೋಡಾ ಬೋಡಾ ಟಾಕ್ ಟಾಕ್’. ಅಲ್ಲಿ ಬೋಡಾ ಬೋಡಾ ಎಂದರೆ ಬಾಡಿಗೆ ಮೋಟರ್ ಬೈಕು. ಶಿಬಿರದಲ್ಲೇ ಆಶ್ರಯ ಪಡೆದಿದ್ದ ಯುವಕ ಯುವತಿಯರು ವರದಿಗಾರರಾಗಿ ಕಾರ್ಯಕ್ರಮವನ್ನು ಧ್ವನಿಮುದ್ರಿಸುತ್ತಿದ್ದರು. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಸ್ಪೀಕರ್ ಕಟ್ಟಿದ ನಾಲ್ಕು ಚಕ್ರದ ಬೈಕು ಗೊತ್ತುಪಡಿಸಿದ ಜಾಗಗಳಲ್ಲಿ ನಿಂತು ಕೇಳಿಸುತ್ತಿತ್ತು. ಜನ ಸುತ್ತ ಸೇರಿ ಕೇಳಿ, ಅಲ್ಲೇ ಪ್ರಶ್ನೆ ಕೇಳುತ್ತಿದ್ದರು, ಆ ಪ್ರಶ್ನೆಗಳು ಮುಂದಿನ ಕಾರ್ಯಕ್ರಮಕ್ಕೆ ವಸ್ತುವಾಗುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದವನಿಗೆ ಊರಿನವರು ತಿರುಗಿ ಪ್ರಶ್ನೆ ಕೇಳುವ ಹಕ್ಕಿದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ. ಎಫ್‌ಎಂ ಪರವಾನಗಿ ಬೇಡ, ಗೋಪುರ ಬೇಡ, ಕದ್ದು ಕೇಳುವ ಶತ್ರು ಪಾಳೆಯವೂ ಇಲ್ಲ. ನಿಮ್ಮಲ್ಲಿ ಬೈಕು ಇಲ್ಲದಿದ್ದರೆ ಒಂದು ಮೆಗಾಫೋನ್ ಮತ್ತು ನಿಯಮಿತ ವೇಳೆ ಸಾಕು. ನಿಯಮಿತ ವೇಳೆಗೆ ಮಾತ್ರ ವಿನಾಯಿತಿ ಇಲ್ಲ: ಮಂಗಳವಾರ ಬರುತ್ತೇನೆಂದವರು ಹೇಳಲು ಏನೂ ಇಲ್ಲದಿದ್ದರೂ ಮಂಗಳವಾರ ಬರಬೇಕು, ಹೊಸ ಸುದ್ದಿ ಇಲ್ಲ ಎಂದಾದರೂ ಹೇಳಿ ಹೋಗಬೇಕು.

ಭಾಷೆ, ಮತ್ತು ‘ಬುಕ್ರಾ’ ಎಂಬ ಪದ

ದೇಶದ ಅಧಿಕೃತ ಭಾಷೆ ಇಂಗ್ಲಿಷ್, ಆಡುವ ಭಾಷೆಗಳು 60ಕ್ಕೂ ಹೆಚ್ಚು. ಡಿಂಕಾ, ನುವೆರ್, ಶಿಲ್ಲುಕ್, ಬಾರಿ, ಜಾಂಡೆ, ಮುರ್ಲೆ ಇವು ಒಂದೊಂದೂ ಬೇರೆ. ಪಟ್ಟಣಗಳಲ್ಲಿ ಎಲ್ಲರ ನಡುವೆ ಓಡಾಡುವುದು ಜುಬಾ ಅರಬ್ಬಿ. ಜುಬಾ ಅರಬ್ಬಿಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆಂದು ಕಚೇರಿಯಲ್ಲಿ ಹೇಳುತ್ತಾರೆ. ಜುಬಾದ ಮಾರುಕಟ್ಟೆಯಲ್ಲಿ ಅದು ನಿಜವಿರಬಹುದು. ದನಗಳೊಂದಿಗೆ ಜವುಗಿನಲ್ಲಿ ಬದುಕಿದ್ದು ಮೊದಲ ಸಲ ಶಿಬಿರಕ್ಕೆ ಬಂದ ನುವೆರ್ ಅಜ್ಜಿಗೆ ಅದು ಪರಭಾಷೆ, ಮೇಲಾಗಿ ಕೆಲವರ ಕಿವಿಗೆ ಅದು ಹಳೆಯ ಸೂಡಾನ್ ಸರ್ಕಾರದ ದನಿ.

ಅನುವಾದಕ್ಕೆ ಒಂದು ಕ್ರಮವಿದೆ, ಅದನ್ನು ಬಿಡಬೇಡಿ. ಒಬ್ಬರು ಅನುವಾದಿಸಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿನಲ್ಲಿ ಬಾಯಲ್ಲೇ ಹೇಳಲಿ, ಎರಡಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಮೂವರೂ ಕುಳಿತು ಮಾತಾಡಿ. ಆಮೇಲೆ ಶಿಬಿರದ ನಾಲ್ಕೈದು ಜನರಿಗೆ ಕೇಳಿಸಿ, ‘ಅರ್ಥವಾಯಿತೇ’ ಎಂದು ಕೇಳದೆ ‘ಹಾಗಾದರೆ ನೀವೀಗ ಏನು ಮಾಡುತ್ತೀರಿ’ ಎಂದು ಕೇಳಿ. ಅರ್ಥವಾಯಿತೇ ಎಂದರೆ ಮರ್ಯಾದೆಗೆ ಎಲ್ಲರೂ ಹೌದೆನ್ನುತ್ತಾರೆ.

ಈ ಕ್ರಮವನ್ನು ಬಿಟ್ಟಾಗ ಏನಾಗುತ್ತದೆಂದು ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಹಂಚಿಕೆ ಮರುದಿನ ಎಂದು ಲಾಜಿಸ್ಟಿಕ್ಸ್‌ನವರು ಸಂಜೆ ತಿಳಿಸಿದರು. ನಾನು ಅವಸರದಲ್ಲಿ ಮೆಗಾಫೋನಿನವರಿಗೆ ಒಂದು ಸಾಲು ಕೊಟ್ಟೆ, ಅದರಲ್ಲಿ ‘ಬುಕ್ರಾ’ ಎಂದಿತ್ತು, ಅಂದರೆ ನಾಳೆ. ಮಾತು ಶಿಬಿರದಿಂದ ಶಿಬಿರದಾಚೆಯ ಹಳ್ಳಿಗಳಿಗೆ ಬಾಯಿಂದ ಬಾಯಿಗೆ ಹೋಯಿತು, ಮರುದಿನವೂ ಅದೇ ‘ನಾಳೆ’ಯಾಗಿಯೇ ಹೋಗುತ್ತಿತ್ತು. ಮಳೆ ಬಂದು ವಿಮಾನ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದು ಗುಂಪು ಹೆಂಗಸರು ಖಾಲಿ ಚೀಲಗಳ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ಕಾಯುತ್ತಿದ್ದರು. ಇನ್ನೊಂದು ಗುಂಪು ಕಾದು ಸಾಕಾಗಿ ಹಿಂದಿನ ಸಂಜೆಯೇ ಹೊರಟುಹೋಗಿತ್ತು, ಅವರಿಗೆ ಆ ಸಲದ ಜೋಳ ಸಿಗಲಿಲ್ಲ. ಅಂದಿನಿಂದ ನನ್ನ ಸಂದೇಶಗಳಲ್ಲಿ ‘ನಾಳೆ’, ‘ಇಂದು’, ‘ಬೇಗ’ ಎಂಬ ಪದಗಳಿಲ್ಲ. ವಾರದ ಹೆಸರಿರುತ್ತದೆ, ಬೆಳಗ್ಗೆಯೋ ಮಧ್ಯಾಹ್ನವೋ ಎಂದಿರುತ್ತದೆ, ಮತ್ತು ಆ ಹೊತ್ತಿಗೆ ಆಗದಿದ್ದರೆ ಏನು ಮಾಡಬೇಕೆಂಬ ಒಂದು ವಾಕ್ಯವಿರುತ್ತದೆ.

ಆ ಸಂದೇಶವನ್ನು ಈಗ ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಜೋಳ ಹಂಚುವುದು ಗುರುವಾರ ಬೆಳಗ್ಗೆ, ದೊಡ್ಡ ಹುಣಸೆಮರದ ಬಯಲಿನಲ್ಲಿ. ಕಾರ್ಡ್ ಇರುವ ಪ್ರತಿ ಮನೆಯಿಂದ ಒಬ್ಬರು ಬಂದರೆ ಸಾಕು. ಕಾರ್ಡ್ ಕಳೆದವರು ಬುಧವಾರವೇ ನೀಲಿ ಗುಡಾರಕ್ಕೆ ಬನ್ನಿ. ಮಳೆ ಬಂದರೆ ವಿಮಾನ ಬರುವುದಿಲ್ಲ; ಆಗ ಹೊಸ ದಿನವನ್ನು ಇದೇ ಬೈಕು ಬಂದು ಹೇಳುತ್ತದೆ, ಅಲ್ಲಿಯವರೆಗೆ ಮನೆಯಲ್ಲೇ ಇರಿ. ಇದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ, ಬೇರೆ ಯಾವ ಉಪಕಾರವನ್ನೂ ಮಾಡಬೇಕಾಗಿಲ್ಲ. ಯಾರಾದರೂ ಕೇಳಿದರೆ ನೀಲಿ ಗುಡಾರದಲ್ಲಿರುವ ಹೆಂಗಸಿಗೆ ಹೇಳಿ.’ ಕೊನೆಯ ಎರಡು ವಾಕ್ಯಗಳನ್ನು ಉದ್ದವಾಯಿತೆಂದು ಕತ್ತರಿಸಲು ಹೇಳುವವರಿರುತ್ತಾರೆ, ಒಪ್ಪಬೇಡಿ. ನೆರವಿಗೆ ಬದಲಾಗಿ ಹೆಂಗಸರ ಮೈಯನ್ನು ಕೇಳುವ ನೀಚತನ ನೆರವಿನ ಲೋಕದಲ್ಲಿ ಪದೇ ಪದೇ ಬಯಲಾಗಿದೆ. ಅದನ್ನು ನಿಷೇಧಿಸುವ ಆರು ಮೂಲ ನಿಯಮಗಳನ್ನು ಸಂಸ್ಥೆಗಳ ಒಕ್ಕೂಟ 2002ರಲ್ಲೇ ರೂಪಿಸಿದ್ದರೂ, ನೆರವು ಉಚಿತ ಎಂಬುದು ಸಾಲಿನಲ್ಲಿ ನಿಂತವಳಿಗೆ ಅವಳ ಭಾಷೆಯಲ್ಲಿ ತಿಳಿಯದ ಹೊರತು ಆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಮಳೆಯ ಮಾತು ಬಂದದ್ದರಿಂದ ಒಂದು ವಿಷಯ. ಅಲ್ಲಿನ ಮಣ್ಣು ಬಹಳ ಕಡೆ ನಮ್ಮ ವಿಜಯಪುರ, ಕಲಬುರಗಿಯ ಎರೆಮಣ್ಣಿನ ಜಾತಿಯದೇ. ಒಂದು ಹದ ಮಳೆ ಬಿದ್ದರೆ ಎರೆಹೊಲದಲ್ಲಿ ಚಪ್ಪಲಿ ಹೂತು ಉಳಿಯುವುದನ್ನು ಕಂಡವರಿಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಲಾರಿಗಳು ಯಾಕೆ ನಿಲ್ಲುತ್ತವೆ, ದುಬಾರಿ ವಿಮಾನ ಯಾಕೆ ಬೇಕಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಅಲ್ಲಿನ ಜನರಿಗೂ ವಿವರಿಸಬೇಕಾಗಿಲ್ಲ. ಮಳೆಯಿಂದ ತಡವಾಯಿತೆಂದು ನೇರವಾಗಿ ಹೇಳಿದರೆ ಅವರು ಒಪ್ಪುತ್ತಾರೆ. ‘ತಾಂತ್ರಿಕ ಕಾರಣ’ ಎಂದರೆ ಯಾರೋ ಮೂಟೆ ಮಾರಿಕೊಂಡರೆಂದೇ ತಿಳಿಯುತ್ತಾರೆ.

ಗಾಳಿಸುದ್ದಿಯನ್ನು ಹಿಡಿಯುವುದು

ಬಾಯಿಮಾತಿನ ನಾಡಿನಲ್ಲಿ ಗಾಳಿಸುದ್ದಿ ರೋಗವಲ್ಲ, ಮಾಹಿತಿ ಸಿಗದ ಕಡೆ ಜನ ತಾವೇ ಕಟ್ಟಿಕೊಂಡ ಉತ್ತರ. ಬೆರಳಚ್ಚು ಕೊಟ್ಟರೆ ಆ ಹೆಸರು ಸೈನ್ಯಕ್ಕೆ ಹೋಗುತ್ತದೆ ಎಂಬ ಮಾತು ಹಬ್ಬಿದರೆ, ಅದರ ಹಿಂದೆ ಪಟ್ಟಿ ಹಿಡಿದು ಮನೆ ಮನೆ ಹುಡುಕಿದವರನ್ನು ಕಂಡ ನಿಜವಾದ ನೆನಪಿರುತ್ತದೆ. ಅದನ್ನು ಸುಳ್ಳೆಂದು ಕೂಗಿ ಅಳಿಸಲಾಗದು. ದಿನವೂ ಸಂಜೆ ನಿಮ್ಮ ವರದಿಗಾರರು, ಆರೋಗ್ಯ ಸಹಾಯಕಿಯರು, ನೀರಿನ ಪಂಪು ನೋಡಿಕೊಳ್ಳುವವರು ಆ ದಿನ ಕೇಳಿದ್ದನ್ನು ಅವರದೇ ಮಾತಿನಲ್ಲಿ, ಹೇಳಿದವರ ಹೆಸರಿಲ್ಲದೆ, ಒಂದು ಪುಸ್ತಕದಲ್ಲಿ ಬರೆಯಲಿ. ಇದರಿಂದ ಜೀವಕ್ಕೆ ಅಪಾಯವಿದೆಯೇ, ನೆರವು ತಪ್ಪುತ್ತದೆಯೇ, ಅಥವಾ ಬರಿ ಹರಟೆಯೇ ಎಂದು ವಿಂಗಡಿಸಿ. ಮೊದಲೆರಡಕ್ಕೆ ಅದೇ ದಿನ ಉತ್ತರ ಹೋಗಬೇಕು, ಮೂರನೆಯದನ್ನು ಬಿಟ್ಟುಬಿಡಿ. ಉತ್ತರ ಕೊಡುವಾಗ ಗಾಳಿಸುದ್ದಿಯನ್ನು ಮೆಗಾಫೋನಿನಲ್ಲಿ ಮತ್ತೆ ಹೇಳಬೇಡಿ, ಅರ್ಧ ಕೇಳಿಸಿಕೊಂಡವನು ಅದನ್ನೇ ಕೊಂಡೊಯ್ಯುತ್ತಾನೆ. ‘ಬೆರಳಚ್ಚು ಯಾವ ಕಂಪ್ಯೂಟರಿನಲ್ಲಿರುತ್ತದೆ, ಯಾರು ನೋಡಬಹುದು’ ಎಂಬುದನ್ನು ನೇರವಾಗಿ ಹೇಳಿ. ಆ ಉತ್ತರ ನಿಮಗೇ ಗೊತ್ತಿಲ್ಲದಿದ್ದರೆ, ಜನರ ಸಂಶಯ ಸರಿಯಾಗಿಯೇ ಇದೆ. ಮೊದಲು ನಿಮ್ಮ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಮಾತಿಗೆ ಕೊಲ್ಲುವ ಶಕ್ತಿಯಿದೆ ಎಂಬುದಕ್ಕೆ ಬೆಂಟಿಯುವಿಗಿಂತ ಹತ್ತಿರದ ಸಾಕ್ಷಿ ಬೇಡ. 2014ರ ಏಪ್ರಿಲ್ ಮಧ್ಯದಲ್ಲಿ ವಿರೋಧಿ ಪಡೆ ಆ ಪಟ್ಟಣವನ್ನು ಹಿಡಿದಾಗ, ಕಾಲಿ ಬಾಲ್ಲೀ ಮಸೀದಿಯಲ್ಲಿ ಆಶ್ರಯ ಪಡೆದಿದ್ದ 200ಕ್ಕೂ ಹೆಚ್ಚು ನಾಗರಿಕರನ್ನು ಕೊಲ್ಲಲಾಯಿತೆಂದು ವಿಶ್ವಸಂಸ್ಥೆಯ ಪಡೆ ವರದಿ ಮಾಡಿತು. ಅದೇ ದಿನಗಳಲ್ಲಿ ಪಟ್ಟಣದ ಎಫ್‌ಎಂ ಕೇಂದ್ರದಿಂದ ಕೆಲವು ದಳಪತಿಗಳು ಇನ್ನೊಂದು ಸಮುದಾಯದ ಹೆಂಗಸರ ಮೇಲೆ ಸೇಡು ತೀರಿಸಿಕೊಳ್ಳಿರೆಂದು ಕರೆ ಕೊಟ್ಟರು. ಇನ್ನು ಕೆಲವರು ಅದೇ ಮೈಕಿನಲ್ಲಿ ಒಗ್ಗಟ್ಟಿನ ಮಾತಾಡಿದರು. ನೀವು ಸ್ಥಳೀಯ ಕೇಂದ್ರವೊಂದರಲ್ಲಿ ವೇಳೆ ಕೊಳ್ಳುವ ಮುನ್ನ ಅದರ ಮೈಕು ಹಿಂದೆ ಯಾರ ಕೈಯಲ್ಲಿತ್ತೆಂದು ಕೇಳಿಕೊಳ್ಳುವುದು ಇದಕ್ಕೇ.

ಹೆಸರುಗಳಲ್ಲಿ ಅಡಗಿರುವ ಪಕ್ಷ

ಹೊರಗಿನವರಿಗೆ ಕಾಣದ ಬಲೆ ಸ್ಥಳನಾಮಗಳಲ್ಲಿದೆ. ದೇಶದಲ್ಲಿ ಮೊದಲು 10 ರಾಜ್ಯಗಳಿದ್ದವು. 2015ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಆದೇಶದಿಂದ 28 ಆದವು, 2017ರ ಜನವರಿಯಲ್ಲಿ 32, ಮತ್ತೆ 2020ರ ಫೆಬ್ರವರಿಯಲ್ಲಿ 10 ರಾಜ್ಯ ಮತ್ತು 3 ಆಡಳಿತ ಪ್ರದೇಶಗಳಿಗೆ ಮರಳಿತು. 28ರ ವಿಂಗಡಣೆಯಲ್ಲಿ ಮಲಕಾಲ್ ನಗರ ಪೂರ್ವ ನೈಲ್ ಎಂಬ ರಾಜ್ಯಕ್ಕೆ ಹೋದದ್ದನ್ನು ಅದು ತಮ್ಮ ನೆಲವೆಂದು ನಂಬಿದ ಶಿಲ್ಲುಕ್ ಜನ ಒಪ್ಪಲೇ ಇಲ್ಲ; ಆ ಕುದಿಯಲ್ಲೇ 2016ರ ಫೆಬ್ರವರಿಯಲ್ಲಿ ಮಲಕಾಲ್‌ನ ಆಶ್ರಯ ಶಿಬಿರದೊಳಗೆ ಕಾಳಗ ನಡೆದು ಗುಡಾರಗಳು ಸುಟ್ಟವು. ಆ ತಿಂಗಳುಗಳಲ್ಲಿ ಚಿತ್ರವೊಂದರ ಕೆಳಗೆ ‘ಮಲಕಾಲ್, ಪೂರ್ವ ನೈಲ್ ರಾಜ್ಯ’ ಎಂದು ಬರೆದವನು ತನಗರಿವಿಲ್ಲದೆ ಒಂದು ಪಕ್ಷ ವಹಿಸಿದ್ದ. ಸಂಸ್ಥೆಗಳು ಹಳೆಯ 10 ರಾಜ್ಯಗಳ ಹೆಸರನ್ನೋ ಬರಿ ಪಟ್ಟಣದ ಹೆಸರನ್ನೋ ಬಳಸಿ ಪಾರಾದವು. ಹೋದ ಕೂಡಲೇ ನಿಮ್ಮದೊಂದು ಪದಪಟ್ಟಿ ಮಾಡಿಕೊಳ್ಳಿ: ಊರುಗಳ ಹೆಸರು ಮತ್ತು ಕಾಗುಣಿತ, ಪಡೆಗಳನ್ನು ಏನೆಂದು ಕರೆಯಬೇಕು, ಯಾವ ಪದ ಯಾರಿಗೆ ಬೈಗುಳ. ಆ ಪಟ್ಟಿಯನ್ನು ಬೇರೆ ಬೇರೆ ಸಮುದಾಯದ ಇಬ್ಬರು ಸಹೋದ್ಯೋಗಿಗಳಿಗೆ ಬೇರೆ ಬೇರೆಯಾಗಿ ತೋರಿಸಿ.

‘ಕ್ಷಾಮ’ ಎಂಬ ಪದಕ್ಕೂ ಇಂಥದೇ ಎಚ್ಚರ ಬೇಕು. ನಾವು ಕನ್ನಡದಲ್ಲಿ ಬರ, ಬರಗಾಲ, ಕ್ಷಾಮ, ಹಸಿವು ಇವನ್ನು ಅದಲು ಬದಲಾಗಿ ಬಳಸುತ್ತೇವೆ. ನೆರವಿನ ಕೆಲಸದಲ್ಲಿ ಕ್ಷಾಮಕ್ಕೆ ಅಳತೆಯಿದೆ. ಕನಿಷ್ಠ ಶೇ. 20ರಷ್ಟು ಮನೆಗಳಲ್ಲಿ ಆಹಾರದ ಅತಿ ತೀವ್ರ ಕೊರತೆ, ಶೇ. 30ಕ್ಕಿಂತ ಹೆಚ್ಚು ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು, ಈ ಮೂರೂ ಕೂಡಿದಾಗ ಮಾತ್ರ ಆ ಪದ. 2017ರ ಫೆಬ್ರವರಿ 20ರಂದು ಯೂನಿಟಿಯ ಲೇರ್ ಮತ್ತು ಮಯೆಂಡಿಟ್ ಕೌಂಟಿಗಳಲ್ಲಿ ಕ್ಷಾಮ ಘೋಷಣೆಯಾಯಿತು, ಸುಮಾರು 1 ಲಕ್ಷ ಜನ ಅದರೊಳಗಿದ್ದರು. ಭಾರಿ ನೆರವು ತಲುಪಿದ ಮೇಲೆ ಜೂನ್‌ನಲ್ಲಿ ಅದನ್ನು ಹಿಂತೆಗೆಯಲಾಯಿತು. ಹಿಂತೆಗೆದಾಗಲೂ ಹಸಿದವರ ಒಟ್ಟು ಸಂಖ್ಯೆ ಫೆಬ್ರವರಿಗಿಂತ ಹೆಚ್ಚೇ ಇತ್ತು. ಕ್ಷಾಮ ಮುಗಿಯಿತೆಂಬ ತಲೆಬರಹ ದಾನಿಗಳ ಕೈ ಹಿಂದಕ್ಕೆಳೆಯುತ್ತದೆ, ಇಲ್ಲದ ಕ್ಷಾಮವನ್ನು ಕೂಗಿದರೆ ಮುಂದಿನ ಕೂಗನ್ನು ಯಾರೂ ನಂಬರು. ಅಂಕಿಗಳನ್ನು ಒಂದೇ ಮೂಲದಿಂದ, ಸಾಮಾನ್ಯವಾಗಿ ವಿಶ್ವಸಂಸ್ಥೆಯ ಸಮನ್ವಯ ಕಚೇರಿಯಿಂದ, ದಿನಾಂಕ ಸಮೇತ ತೆಗೆದುಕೊಳ್ಳಿ. ‘ನೆರವು ಬೇಕಾದವರು’ ಮತ್ತು ‘ನೆರವು ತಲುಪಿದವರು’ ಎಂಬುವು ಎರಡು ಬೇರೆ ಅಂಕಿಗಳೆಂದು ಮರೆಯದಿರಿ.

ಫೋಟೋ

ಇದೇ ನೆಲದ ಜೊಂಗ್ಲೇ ರಾಜ್ಯದ ಅಯೋದ್ ಎಂಬಲ್ಲಿ, ಅದಿನ್ನೂ ಸೂಡಾನಿನ ಭಾಗವಾಗಿದ್ದ 1993ರಲ್ಲಿ, ಕೆವಿನ್ ಕಾರ್ಟರ್ ತೆಗೆದ ಚಿತ್ರ ಬಹುತೇಕ ಎಲ್ಲರಿಗೂ ಗೊತ್ತು: ನೆಲಕ್ಕೆ ಕುಸಿದ ಮಗು, ಹಿಂದೆ ಕೂತ ರಣಹದ್ದು. ಪುಲಿಟ್ಜರ್ ಪ್ರಶಸ್ತಿ ಬಂತು, ಲೋಕ ನಡುಗಿತು, ನೆರವೂ ಬಂತು. ಆದರೆ ಆ ಮಗುವಿಗೆ ಚಿತ್ರದಲ್ಲಿ ಹೆಸರಿರಲಿಲ್ಲ. ರೆಡ್ ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿದ ನಡವಳಿ ಸಂಹಿತೆಯ ಹತ್ತನೆಯ ನಿಯಮ, ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರನ್ನಾಗಿ ಕಾಣಬೇಕು, ಕೈಲಾಗದ ವಸ್ತುಗಳನ್ನಾಗಿ ಅಲ್ಲ ಎನ್ನುತ್ತದೆ. ಘನತೆಯ ಮಾತು ಎಲ್ಲರೂ ಆಡುತ್ತಾರೆ. ಕಡಿಮೆ ಆಡುವುದು ಅಪಾಯದ ಮಾತನ್ನು.

ನುವೆರ್ ಗಂಡಸರಲ್ಲಿ ಹಲವರ ಹಣೆಯ ಮೇಲೆ ಅಡ್ಡಲಾಗಿ ಆರು ಗೆರೆಗಳಿರುತ್ತವೆ, ಹುಡುಗ ಗಂಡಸಾದನೆಂಬ ಗುರುತಿಗೆ ಕೊಯ್ದು ಮೂಡಿಸಿದವು. 2016ರ ಜುಲೈ 11ರಂದು ಜುಬಾದ ವಸತಿಗೃಹವೊಂದಕ್ಕೆ ಸೈನಿಕರು ನುಗ್ಗಿದಾಗ, ಲೇರ್‌ನ ಸಮುದಾಯ ರೇಡಿಯೋದಲ್ಲಿ ದುಡಿದಿದ್ದ ನುವೆರ್ ಪತ್ರಕರ್ತನೊಬ್ಬನನ್ನು ಅವನ ಸಮುದಾಯ ಗುರುತಿಸಿಯೇ ಗುಂಡಿಕ್ಕಿ ಕೊಂದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಕ್ಯಾಮೆರಾದ ಪರದೆ ನೋಡಿ. ಚಿತ್ರದಲ್ಲಿ ಹೆಸರಿಲ್ಲ, ಊರಿಲ್ಲ; ಆದರೂ ಹಣೆ ಎಲ್ಲವನ್ನೂ ಹೇಳುತ್ತಿದೆ. ಅವನ ಹಿಂದೆ ಗುಡಾರದ ಸಂಖ್ಯೆ, ನೀರಿನ ತೊಟ್ಟಿಯ ಮೇಲೆ ಶಿಬಿರದ ಹೆಸರು, ದೂರದಲ್ಲಿ ಕಾವಲು ಗೋಪುರ. ಮೊದಲು ಇವನ್ನು ಚೌಕಟ್ಟಿನಿಂದ ಹೊರಗಿಡುವುದನ್ನು ಕಲಿಯಿರಿ. ಬೆಳಕಿಗೆ ಬೆನ್ನು ಮಾಡಿಸಿ ನೆರಳಾಗಿ ತೆಗೆಯುವುದು ಒಂದು ದಾರಿ, ಕೈಗಳನ್ನು ತೆಗೆಯುವುದು ಇನ್ನೊಂದು: ಜೋಳ ಕೇರುವ ಕೈ, ಮಗುವಿನ ತೋಳಿನ ಸುತ್ತಳತೆ ನೋಡುವ ಪಟ್ಟಿ ಹಿಡಿದ ಕೈ. ಇಂಥ ಚಿತ್ರಗಳು ದುಃಖದ ಮುಖಗಳಿಗಿಂತ ಹೆಚ್ಚು ಹೇಳುತ್ತವೆಂಬುದು ನನ್ನ ಅನಿಸಿಕೆ, ನಿಮ್ಮ ಸಂಪಾದಕರು ಒಪ್ಪದಿರಬಹುದು.

ಒಪ್ಪಿಗೆ ಪಡೆಯುವುದೆಂದರೆ ಇಂಗ್ಲಿಷ್ ನಮೂನೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ನೆರವಿನ ಸಾಲಿನಲ್ಲಿ ನಿಂತವರನ್ನು ಕೇಳಲೇಬೇಡಿ. ಇಲ್ಲವೆಂದರೆ ಊಟ ತಪ್ಪೀತೆಂಬ ಭಯದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಅವರ ಗುಡಾರಕ್ಕೆ ಹೋಗಿ, ಫೋನಿನಲ್ಲಿ ನಿಮ್ಮ ಸಂಸ್ಥೆಯ ಪುಟವನ್ನು ತೋರಿಸಿ, ಇಲ್ಲಿ ನಿಮ್ಮ ಮುಖ ಬರುತ್ತದೆ, ಇದನ್ನು ನೈರೋಬಿಯಲ್ಲಿ, ಮೆಲ್ಬರ್ನ್‌ನಲ್ಲಿ, ಒಮಾಹಾದಲ್ಲಿ ನಿಮ್ಮ ಜನ ನೋಡಬಹುದು, ನಿಮ್ಮ ಮೇಲೆ ಸಿಟ್ಟಿರುವವರೂ ನೋಡಬಹುದು, ಒಮ್ಮೆ ಹೋದದ್ದನ್ನು ನಾನು ಪೂರ್ತಿ ಹಿಂದಕ್ಕೆ ತರಲಾರೆ ಎಂದು ಹೇಳಿ. ಒಬ್ಬಾಕೆ ಇದನ್ನೆಲ್ಲ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ‘ನನ್ನ ಮುಖ ತೆಗೆ, ಮಗನ ಮುಖ ಬೇಡ’ ಎಂದಳು. ಅವಳು ಕೇಳಿದ್ದು ಅರ್ಥಮಾಡಿಕೊಂಡಿದ್ದಳೆಂದು ಆಗ ನನಗೆ ಖಾತ್ರಿಯಾಯಿತು. ಕೇಳಿದವರೆಲ್ಲ ಹೌದೆನ್ನುತ್ತಿದ್ದರೆ ನಿಮ್ಮ ಕೇಳುವ ರೀತಿಯಲ್ಲೇ ತಪ್ಪಿದೆ.

ಕೆಲವು ಯಾಂತ್ರಿಕ ಎಚ್ಚರಗಳನ್ನು ಅಭ್ಯಾಸ ಮಾಡಿಕೊಳ್ಳಿ. ಕ್ಯಾಮೆರಾ ಮತ್ತು ಫೋನಿನಲ್ಲಿ ಸ್ಥಳ ಗುರುತಿಸುವ ಸೌಲಭ್ಯವನ್ನು ಆರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರದೊಳಗಿನ ಸ್ಥಳದ ವಿವರವೂ ಜೊತೆಗೆ ಹೋಗುತ್ತದೆ, ಗಮನವಿರಲಿ. ತಂಡವೊಂದು ಊರಲ್ಲಿರುವಾಗ ಅಲ್ಲಿನ ಚಿತ್ರ ಹಾಕಬೇಡಿ, ಅವರು ಮರಳಿದ ಮೇಲೆ ಹಾಕಿ. ಜುಬಾದಲ್ಲಿ ಅನುಮತಿ ಪತ್ರವಿಲ್ಲದೆ ಕ್ಯಾಮೆರಾ ಹೊರತೆಗೆಯಬೇಡಿ. ಸೈನಿಕರು, ಸೇತುವೆ, ವಿಮಾನ ನಿಲ್ದಾಣ ಅನುಮತಿಯಿದ್ದರೂ ಬೇಡ.

ನಿಮ್ಮವರ ಸುರಕ್ಷತೆ

2013ರ ಡಿಸೆಂಬರ್‌ನಿಂದೀಚೆಗೆ ದಕ್ಷಿಣ ಸೂಡಾನಿನಲ್ಲಿ 100ಕ್ಕೂ ಹೆಚ್ಚು ನೆರವು ಕಾರ್ಯಕರ್ತರು ಸತ್ತಿದ್ದಾರೆ, ಅವರಲ್ಲಿ ಬಹುಪಾಲು ಆ ದೇಶದವರೇ. ನೀವು ವಿಮಾನ ಹತ್ತಿ ಬರಬಹುದು, ನಿಮ್ಮ ಅನುವಾದಕ ಅಲ್ಲೇ ಇರುತ್ತಾನೆ. ಆದ್ದರಿಂದ ಅವನ ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಪ್ರತಿ ಸಲ ಅವನನ್ನೇ ಕೇಳಿ. ಹೋದ ತಿಂಗಳು ಹೌದೆಂದವನಿಗೆ ಈ ತಿಂಗಳು ಊರಿನ ಗಾಳಿ ಬದಲಾಗಿರಬಹುದು. ಧ್ವನಿಯೂ ಗುರುತೇ: ಮೆಗಾಫೋನಿನಲ್ಲಿ ಡಿಂಕಾ ಉಚ್ಚಾರದ ನುವೆರ್ ಮಾತು ಕೇಳಿದರೆ ಶಿಬಿರ ಅದನ್ನು ಒಂದು ರೀತಿಯಲ್ಲಿ ಕೇಳಿಸಿಕೊಳ್ಳುತ್ತದೆ, ಓದಿದವನನ್ನು ಇನ್ನೊಂದು ರೀತಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ.

ಆಸ್ಪತ್ರೆಯ ಸ್ಥಳವನ್ನು ಕಾದಾಡುವ ಪಕ್ಷಗಳಿಗೆ ತಿಳಿಸಿ ದಾಳಿಯಿಂದ ಹೊರಗಿಡುವ ವ್ಯವಸ್ಥೆ ಬೇರೆ ಇದೆ, ಅದು ಸಮನ್ವಯ ಕಚೇರಿಯ ಕೆಲಸ. ಅದೇ ಸ್ಥಳವನ್ನು ನೀವು ನಕ್ಷೆಯಾಗಿ ಜಾಲತಾಣದಲ್ಲಿ ಹಾಕುವುದು ಬೇರೆ. ಮಲಕಾಲ್‌ನ ಬೋಧನಾ ಆಸ್ಪತ್ರೆಯಲ್ಲಿ 2014ರ ಫೆಬ್ರವರಿಯಲ್ಲಿ ರೋಗಿಗಳನ್ನು ಹಾಸಿಗೆಯಲ್ಲೇ ಕೊಂದರು. ಆಸ್ಪತ್ರೆ ಎಲ್ಲಿದೆ ಎಂಬುದು ಅಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ, ಒಳಗೆ ಯಾರಿದ್ದಾರೆ ಎಂಬುದು ಗುಟ್ಟಾಗಿರಬೇಕಿತ್ತು. ಸ್ಯಾಟಲೈಟ್ ಫೋನು, ದೂರದವರೆಗೆ ಮಾತು ಮುಟ್ಟಿಸುವ ಎಚ್‌ಎಫ್ ರೇಡಿಯೋಗಳ ಬಳಕೆಯನ್ನು ದೂರಸಂಪರ್ಕ ತಂಡದವರಿಂದ ಮೊದಲ ವಾರವೇ ಕಲಿತುಬಿಡಿ, ಸಂಜೆಯ ಹಾಜರಿ ಕರೆಗೆ ಒಂದು ದಿನವೂ ತಪ್ಪಬೇಡಿ.

2023ರ ಏಪ್ರಿಲ್‌ನಲ್ಲಿ ನೆರೆಯ ಸೂಡಾನಿನಲ್ಲಿ ಯುದ್ಧ ಹೊತ್ತಿದಾಗ ಅಲ್ ಫಾಶಿರ್‌ನಲ್ಲಿ ಸಿಲುಕಿದ್ದ ನಮ್ಮ ಹಕ್ಕಿಪಿಕ್ಕಿ ಜನರ ಸುದ್ದಿ ಕರ್ನಾಟಕಕ್ಕೆ ಬಂದದ್ದು ಅವರ ಮೊಬೈಲುಗಳಿಂದ. ಭಾರತ ಸರ್ಕಾರ ಆಪರೇಷನ್ ಕಾವೇರಿ ಹೆಸರಿನಲ್ಲಿ ನಡೆಸಿದ ತೆರವು ಕಾರ್ಯಾಚರಣೆಯಲ್ಲಿ ಅವರು ಮರಳಿದರು. ಆ ದಿನಗಳಲ್ಲಿ ಚಾರ್ಜ್ ಉಳಿಸುವುದು ನೀರು ಉಳಿಸಿದಷ್ಟೇ ಮುಖ್ಯ. ಸಿಲುಕಿದವರೊಂದಿಗೆ ಸಂಪರ್ಕದಲ್ಲಿರುವಾಗ ಒಬ್ಬರೇ, ಗೊತ್ತುಪಡಿಸಿದ ಹೊತ್ತಿಗೆ ಕರೆ ಮಾಡಿ. ಹತ್ತು ಜನ ಕ್ಷೇಮ ಕೇಳಿ ಬ್ಯಾಟರಿ ಮುಗಿಸಬೇಡಿ. ಅವರು ಇರುವ ಕಟ್ಟಡದ ಹೆಸರು ನಿಮಗೆ ಗೊತ್ತಿದ್ದರೂ ಸುದ್ದಿಗಾರರಿಗೆ ಕೊಡಬೇಡಿ.

ಪತ್ರಕರ್ತರು ಬಂದಾಗ

ಅವರು ನಿಮ್ಮ ಶತ್ರುಗಳಲ್ಲ,ನೌಕರರೂ ಅಲ್ಲ. ನೀವು ಕಂಡದ್ದನ್ನು ಹೇಳಿ, ಕಾಣದ್ದನ್ನು ಹೇಳಬೇಡಿ, ಗುಂಡು ಹಾರಿಸಿದವರು ಯಾರೆಂಬ ಪ್ರಶ್ನೆಗೆ ಗಾಯಾಳುಗಳ ಲೆಕ್ಕ ಕೊಟ್ಟು ನಿಲ್ಲಿ. ಮೌನವೂ ಪಕ್ಷಪಾತವಾಗುತ್ತದೆ ಎಂಬ ಆಕ್ಷೇಪ ಸರಿಯೇ. ಆ ತೀರ್ಮಾನ ಮಾತ್ರ ದೇಶದ ಮುಖ್ಯಸ್ಥರ ಮಟ್ಟದಲ್ಲಿ ಆಗಬೇಕು, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿಕೊಂಡ ನಿಮ್ಮಿಂದಲ್ಲ.

ಬಿಟ್ಟು ಬರುವಾಗ

ಈ ಹುದ್ದೆಗಳು ಆರು ತಿಂಗಳಿಗೋ ವರ್ಷಕ್ಕೋ ಮುಗಿಯುತ್ತವೆ. ಹೊರಡುವ ಮೊದಲು ಪದಪಟ್ಟಿ, ಗಾಳಿಸುದ್ದಿಯ ಪುಸ್ತಕ, ಯಾವ ಸಾಲಿನಲ್ಲಿ ಯಾರ ಮಾತು ನಡೆಯುತ್ತದೆಂಬ ನಕ್ಷೆ ಇವನ್ನು ಮುಂದಿನವರಿಗಲ್ಲ, ಸ್ಥಳೀಯ ಸಹೋದ್ಯೋಗಿಗೆ ಕೊಡಿ. ಮುಂದಿನವರು ಬರುವುದು ಮೂರು ತಿಂಗಳ ನಂತರ. ಒಪ್ಪಿಗೆಯಿಲ್ಲದ, ಬಳಸದೆ ಉಳಿದ ಚಿತ್ರಗಳನ್ನು ನಿಮ್ಮ ಸ್ವಂತ ಫೋನಿನಿಂದಲೂ ಅಳಿಸಿ. ದೂರು ಕೇಳುವ ಗುಡಾರ ಮುಚ್ಚುವುದಾದರೆ, ಮುಚ್ಚುವ ದಿನವನ್ನು ಎರಡು ವಾರ ಮುಂಚೆ ಹೇಳಿ, ಬಂದ ದೂರುಗಳಲ್ಲಿ ಯಾವುದಕ್ಕೆ ಏನಾಯಿತು, ಯಾವುದಕ್ಕೆ ಏನೂ ಆಗಲಿಲ್ಲ ಎಂಬುದನ್ನು ಮೆಗಾಫೋನಿನಲ್ಲಿ ಓದಿಸಿ. ಮತ್ತು ಮಂಗಳವಾರದ ಬೈಕನ್ನು ನಿಮ್ಮ ನಂತರ ಯಾರು ಓಡಿಸುತ್ತಾರೆ, ಅದಕ್ಕೆ ಪೆಟ್ರೋಲ್ ಯಾರ ಲೆಕ್ಕದಿಂದ ಎಂಬುದನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಬೀಗದ ಕೈ ಒಪ್ಪಿಸಿ.